ಮೀನಿನ ಹೊಟ್ಟೆಯಲ್ಲಿ ಕೌದಿಯ ಎಳೆ

ಕುಬಿಹಾಳದಲ್ಲಿ ಮರೆವ್ವ ಹೊಲಿದ ಕೌದಿ ಹೊದೆಯದವರು ಯಾರೂ ಇಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿದು, ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ಹೋಳಿಗೆಯ ಚೂರು ಇಡುತ್ತಾಳೆ. ಕೌದಿಯ ಹೊಟ್ಟೆ ಖಾಲಿ ಬಿಡಬಾರದು ಎಂಬುದು ಹಿರಿಯರ ಮಾತು. ಮರೆವ್ವ ಮಾತಿನಲ್ಲಿ ಮಾತ್ರ ಬಲು ಖಾರ. ಬ್ಯಾಡಗಿ ಮೆಣಸಿನಕಾಯಿಯೂ ಆಕೆಯ ಮುಂದೆ ಸಪ್ಪೆ.

ಹತ್ತಿ ಸೀರೆ ಉಡುವವರು ಕಡಿಮೆಯಾದ ಮೇಲೆ ಮರೆವ್ವ ಪಾಲಿಸ್ಟರ್ ಸೀರೆಗೆ ಇಳಿದಳು. ಬಣ್ಣ ಮಾಸುವುದಿಲ್ಲ, ಬೇಗ ಒಣಗುತ್ತದೆ ಎಂದು ಊರಿಗೆಲ್ಲ ತಾನೇ ರೂಢಿ ಮಾಡಿಸಿದಳು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆಯನ್ನೆಲ್ಲ ಹಳ್ಳಕ್ಕೆ ಒಯ್ದು, ಬಂಡೆಗೆ ಬಡಿದು ಒಗೆಯುವುದು ಪದ್ಧತಿ.

ಈ ಸಲದ ಮಳೆಗಾಲದಲ್ಲಿ, ಕುಂದಗೋಳದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನೇತ್ರಾ ಹಳ್ಳದ ನೀರು ನೋಡಲು ಬಂದಳು. ಮರೆವ್ವ ಸಾರಿಗೆಂದು ಹಿಡಿದಿದ್ದ ಕಿರುಮೀನೊಂದನ್ನು ಸೀಳಿ, ಕರುಳನ್ನು ಮಸೂರದಡಿ ತೋರಿಸಿದಳು. ಒಳಗೆ ಕೂದಲಿಗಿಂತ ಸಣ್ಣ ಎಳೆಗಳು, ಕೆಂಪು, ಹಸಿರು, ನೀಲಿ. ಬಟ್ಟೆಯಿಂದ ಉದುರಿದ ಪ್ಲಾಸ್ಟಿಕ್ ಇದು, ಕೊಳೆಯುವುದಿಲ್ಲ. ಕಲ್ಲಿನಡಿಯ ಹುಳ ತಿನ್ನುತ್ತದೆ, ಹುಳವನ್ನು ಮೀನು ತಿನ್ನುತ್ತದೆ, ಹೊಟ್ಟೆ ತುಂಬಿದರೂ ಮೈಗೆ ಹತ್ತುವುದಿಲ್ಲ ಎಂದು ವಿವರಿಸಿದಳು. ಕೌದಿಗೆ ಹೋಳಿಗೆ ಉಣಿಸಿದವಳು ಮೀನಿಗೆ ಇದನ್ನು ಉಣಿಸಿದೆನಲ್ಲ ಎಂದು ಮರೆವ್ವನಿಗೆ ನಾಚಿಕೆಯಾಯಿತು, ತನ್ನ ಮೇಲೆ ಸಿಟ್ಟೂ ಬಂತು. ಮಾಡಿದ್ದುಣ್ಣೋ ಮಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವಳು ಆಕೆ, ಉಂಡದ್ದು ಮೀನು.

ಅಂದಿನಿಂದ ಪಾಲಿಸ್ಟರ್ ಸೀರೆ ಮುಟ್ಟಲಿಲ್ಲ. ಊರ ನೀರಿನ ಟಾಕಿಯ ಬಳಿ ಗುಂಡಿ ತೋಡಿ, ಮರಳು ತುಂಬಿ, ಮೇಲೆ ಹತ್ತಿ ಬಟ್ಟೆ ಹಾಸಿ, ಒಗೆದ ನೀರು ಅಲ್ಲೇ ಸೋಸಿ ಇಂಗುವಂತೆ ಮಾಡಿದಳು. ಹಳ್ಳ ಬಿಡಿ, ಇಲ್ಲಿ ಒಗೆಯಿರಿ ಎಂದು ಮನೆಮನೆಗೆ ಹೋಗಿ ಹೇಳಿದಳು. ಮರೆವ್ವ ಮೀನಿಗೆ ಬಾಣಂತನ ಮಾಡಲು ಹೊರಟಿದ್ದಾಳೆ ಎಂದು ಊರವರು ನಕ್ಕರು. ಕೆಲವರು ತಮ್ಮ ಪಾಲಿಸ್ಟರ್ ಸೀರೆಗಳನ್ನು ಕೌದಿಗೆಂದು ಬೇರೆ ಊರಿನ ಹೊಲಿಯುವವಳಿಗೆ ಕೊಟ್ಟುಬಂದರು.

ಹಾಸಿಗೆ ಒಗೆಯುವ ದಿನ ಹೆಂಗಸರು ಬುಟ್ಟಿ ಹೊತ್ತು ಹಳ್ಳಕ್ಕೆ ಇಳಿದರೆ, ಬಂಡೆಯ ಮೇಲೆ ಮರೆವ್ವ ಕಾಲು ಚಾಚಿ ಕೂತಿದ್ದಳು. ಎಲ್ಲರಿಗಿಂತ ಮುಂದೆ ಇದ್ದವಳು ಸ್ವಂತ ಸೊಸೆ ಗಂಗಾ.

"ಏಳ್ರಿ ಅತ್ತಿ, ಮಂದಿ ನಗತಾರ."

"ನಗಲಿ. ಇಲ್ಲೇ ಒಗೀಬೇಕಂದ್ರ ನನ್ನ ಮ್ಯಾಲೆ ಹಾಕಿ ಬಡೀರಿ. ಇವನ್ನೆಲ್ಲಾ ಹೊಲಿದಾಕಿ ನಾನ, ಪೆಟ್ಟೂ ನನಗ ಬೀಳಲಿ."

ಹಿಂದಿನವರು ಮುಸಿಮುಸಿ ನಕ್ಕರು. ಗಂಗಾ ತಲೆಯ ಮೇಲಿನ ಬುಟ್ಟಿ ಇಳಿಸದೆ ಹಾಗೇ ತಿರುಗಿ, ನಗುವವರ ನಡುವೆಯೇ ಹಾದು ಟಾಕಿಯ ದಾರಿ ಹಿಡಿದಳು. ನಗು ನಿಂತಿತು. ಮರೆವ್ವ ಏಳಲಿಲ್ಲ, ಇನ್ನೂ ಬಹಳ ಬುಟ್ಟಿಗಳು ಎದುರಿಗಿದ್ದವು.