ಸ್ಟೆಪ್ನಿ ಇಲ್ಲದ ದಂಡಯಾತ್ರೆ

ಡೆಟ್ರಾಯಿಟ್ ಪಕ್ಕದ ಊರು ನೋವೈ, ಅಲ್ಲಿನ ನಮ್ಮ ಬಡಾವಣೆಯ ಖುರ್ಷೀದ್ ಅಂಕಲ್‌ಗೆ ‘ಜನರಲ್’ ಎಂದು ಹೆಸರಿಟ್ಟವಳು ನಾನೇ. ಅವರ ಪಕ್ಕದ ಮನೆಯವಳು ನಾನು, ಗದಗಿನ ಸ್ಮಿತಾ, ಮಕ್ಕಳ ಡಾಕ್ಟರು. ಅಂಕಲ್ ಹರಿಹರದವರು. ಡೆಟ್ರಾಯಿಟ್ ಸುತ್ತಮುತ್ತಲ ಕಂಪನಿಗಳಲ್ಲಿ ಟೈರುಗಳನ್ನು ಪರೀಕ್ಷೆ ಮಾಡಿ ಮಾಡಿಯೇ ತಲೆ ನರೆಸಿಕೊಂಡು ನಿವೃತ್ತರಾದ ಎಂಜಿನಿಯರು. ಸೈನ್ಯದ ಬಾಗಿಲು ಕಂಡವರಲ್ಲ. ಆದರೆ 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿತಲ್ಲ, ಅವತ್ತಿನಿಂದ ಅವರಿಗೆ ಮತ್ತೆ ಕೆಲಸ ಸಿಕ್ಕಂತಾಯಿತು. ಸಂಜೆ ಚಹಾಕ್ಕೆಂದು ಹೋದರೆ ಟೀವಿಯಲ್ಲಿ ಯುದ್ಧ, ಸೋಫಾದಲ್ಲಿ ಜನರಲ್.

ಕೀವ್ ನಗರದ ಉತ್ತರಕ್ಕೆ ಮೈಲುಗಟ್ಟಲೆ ನಿಂತುಬಿಟ್ಟ ರಷ್ಯಾದ ಲಾರಿಗಳ ಸಾಲನ್ನು ಟೀವಿಯವರು ತೋರಿಸಿದ ದಿನ ಅವರ ಉತ್ಸಾಹ ನೋಡಬೇಕಿತ್ತು. ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ ಒಂದು ಚಕ್ರದ ಮೇಲೆ ಬೆರಳಿಟ್ಟರು.

“ನೋಡಮ್ಮ ಸ್ಮಿತಾ, ಇದು ಗುಂಡು ಬಿದ್ದು ಹೋಗಿರೋ ಟೈರಲ್ಲ. ನಿಂತೂ ನಿಂತೂ ಸತ್ತಿರೋ ಟೈರು. ಮೇಲಿನ ಪಟ್ಟೆ ಹೊಸದಿದ್ದ ಹಾಗೇ ಕಾಣತ್ತೆ, ಆದ್ರೆ ಬಿಸಿಲು ಬೀಳೋ ಪಕ್ಕದಲ್ಲಿ ರಬ್ಬರ್ ಬಿರುಕು ಬಿಟ್ಟಿರತ್ತೆ. ಆಗಾಗ ಗಾಡಿ ತೆಗೆದು ಓಡಿಸಿದ್ರೆ ಸಾಕಿತ್ತು.”

“ಅಂಕಲ್, ನೀವು ಇಲ್ಲೇ ಕುಂತು ಯುದ್ಧಾ ಗೆಲ್ಲಸ್ತೀರಿ ನೋಡ್ರಿ,” ಎಂದೆ.

“ತಮಾಷೆ ಅಲ್ಲಮ್ಮ. ಎಲ್ಲಿಗೆ ಹೋಗ್ತಿದೀವಿ ಅಂತ ಎಷ್ಟೋ ಸೈನಿಕರಿಗೇ ಗೊತ್ತಿರಲಿಲ್ವಂತೆ. ಡೀಸೆಲ್ ಲೆಕ್ಕ ಇಲ್ಲ. ಊರಿನವರು ಹೂವು ಹಿಡ್ಕೊಂಡು ಸ್ವಾಗತ ಮಾಡ್ತಾರೆ ಅಂದ್ಕೊಂಡಿದ್ರಂತೆ! ಮೇಲಿನವರಿಗೆ ಕೆಟ್ಟ ಸುದ್ದಿ ಹೇಳೋ ಧೈರ್ಯ ಒಬ್ಬರಿಗೂ ಇಲ್ಲ. ಸೋಲು ಶುರುವಾಗೋದೇ ಅಲ್ಲಿ.”

ಪಕ್ಕದಲ್ಲಿ ಬಟಾಣಿ ಸುಲಿಯುತ್ತ ಕುಳಿತಿದ್ದ ನೌಶೀನ್ ಆಂಟಿ ಗಂಡನ ಮಾತಿಗೆಲ್ಲ “ಹೌದು, ಹೌದು” ಎನ್ನುತ್ತಿದ್ದರು. ಆ ಮನೆಯಲ್ಲಿ ನಾನು ‘ಇಲ್ಲ’ ಎಂಬ ಶಬ್ದ ಕೇಳಿದ್ದೇ ಕಡಿಮೆ.

ಅದೇ ವರ್ಷ ಸೆಪ್ಟೆಂಬರಿಗೆ ಅವರ ಒಬ್ಬಳೇ ಮಗಳು ಸುಬಿಯಾಳ ಮದುವೆ ನಿಶ್ಚಯವಾಯಿತು. ವರ ರಯ್ಯಾನ್, ಷಿಕಾಗೊ ಪಕ್ಕದ ಲೊಂಬಾರ್ಡಿನವನು. ಅವನ ಅಜ್ಜಿಗೆ ಪ್ರಯಾಣ ಆಗದೆಂದು ನಿಕಾಹ್ ಅಲ್ಲಿಯೇ. ಆದರೆ ಜನರಲ್ ಸಾಹೇಬರ ಯೋಜನೆ ನಿಕಾಹ್‌ಗೆ ಮುಗಿಯುವಂಥದ್ದಲ್ಲ. ಹುಡುಗ ಹುಡುಗಿ ಇಬ್ಬರದೂ ಮನೆಯಿಂದಲೇ ಮಾಡುವ ಕೆಲಸ. ಹಾಗಿದ್ದ ಮೇಲೆ ನೋವೈನಲ್ಲೇ ಇರಲಿ ಎಂದು ಅವರೇ ತೀರ್ಮಾನಿಸಿ, ಬೇಸ್ಮೆಂಟಿಗೆ ಕಾರ್ಪೆಟ್ ಹಾಸಿ, ಬಾತ್‌ರೂಮು ಕಟ್ಟಿಸಿ, ಪುಟ್ಟ ಅಡುಗೆಮನೆಯನ್ನೂ ಮಾಡಿಸಿದರು. ಮದುವೆಯ ಮರುದಿನವೇ ಅಳಿಯನ ಸಾಮಾನು ತುಂಬಿಕೊಂಡು ಬರಲು ಒಂದು ಟ್ರಕ್ಕನ್ನೂ ಬುಕ್ ಮಾಡಿದ್ದರು.

“ರಯ್ಯಾನ್‌ನ ಕೇಳೀರೇನ್ರಿ?” ಎಂದೆ.

“ಕೇಳೋದೇನಮ್ಮ? ಖುಷಿಯಾಗಿ ಓಡಿ ಬರ್ತಾನೆ.”

ಮದುವೆಗೆ ವಾರ ಇರುವಾಗ ಸುಬಿಯಾ ನಮ್ಮ ಅಡುಗೆಮನೆಗೆ ಬಂದು ನಿಂತಳು. “ಆಂಟಿ, ವಿ ಸೈನ್ಡ್ ಎ ಲೀಸ್ ಇನ್ ಲೊಂಬಾರ್ಡ್. ಅಬ್ಬಾ ಡಸಂಟ್ ನೋ.”

ನನಗೆ ಸಿಟ್ಟು ಬಂತು. “ಬೀಗರ ಮನಿ ಮುಂದ ಟ್ರಕ್ ತಂದು ನಿಲ್ಲಿಸಿದ ಮ್ಯಾಲೆ ಹೇಳಾಕಿ ಏನು? ಎಲ್ಲಾರ ಎದುರಿಗೆ ಅವರ ಮಾರಿ ಏನಾಗಬೇಕು? ಲೊಂಬಾರ್ಡ್ ಮುಟ್ಟೂದ್ರಾಗ ಹೇಳಿಬಿಡು.”

“ಹಿ ವಾಸ್ ಸೋ ಹ್ಯಾಪಿ ಡೂಯಿಂಗ್ ದಟ್ ಕಾರ್ಪೆಟ್,” ಎಂದು ಅವಳು ಕಣ್ಣು ಒರೆಸಿಕೊಂಡಳು. ಹೇಳಲು ಬಾಯಿ ಬರದ ಹುಡುಗಿಯ ಮೇಲೂ, ಬಾಯಿ ಬರದ ಹಾಗೆ ಮಾಡಿದ ಅಪ್ಪನ ಮೇಲೂ ನನಗೆ ಒಟ್ಟಿಗೇ ಕೋಪ, ಒಟ್ಟಿಗೇ ಕನಿಕರ.

ಮದುವೆಯ ಬೆಳಿಗ್ಗೆ ಐದು ಕಾರುಗಳು ಸಿದ್ಧವಾದವು. ಎಷ್ಟೊತ್ತಿಗೆ ಹೊರಡುವುದು, ಬಟ್ಟೆ ಬದಲಿಸಲು ಯಾವ ಹೋಟೆಲಿನಲ್ಲಿ ಇಳಿಯುವುದು ಎಂದು ಅಂಕಲ್ ಯಾರಿಗೂ ಹೇಳಿರಲಿಲ್ಲ. ಶುಭಕಾರ್ಯದ ಮಾತು ಮೊದಲೇ ಹೊರಬಿದ್ದರೆ ನಜರ್, ಅಂದರೆ ಕೆಟ್ಟ ದೃಷ್ಟಿ, ತಾಗುತ್ತದಂತೆ. “ಎಲ್ಲರೂ ನನ್ನ ಹಿಂದೆ ಬನ್ನಿ, ಒಬ್ಬರೂ ಓವರ್‌ಟೇಕ್ ಮಾಡಬಾರದು, ನಾನು ನಿಂತಲ್ಲಿ ನಿಲ್ಲಬೇಕು,” ಇಷ್ಟೇ ಆಜ್ಞೆ. ಮುಂದೆ ಅವರ ಹಳೆಯ ವ್ಯಾನು, ವರ್ಷಕ್ಕೆ ಎರಡು ಈದ್‌ಗೆ ಮಾತ್ರ ಡ್ರೈವ್‌ವೇ ಬಿಟ್ಟು ಕದಲುವ ಗಾಡಿ. ಬೀಗರಿಗೆ ಕೊಡುವ ಮಿಠಾಯಿ ತಟ್ಟೆಗಳಿಗೆ ಜಾಗ ಸಾಲದೆಂದು ಸ್ಟೆಪ್ನಿಯನ್ನು ತೆಗೆದು ಗ್ಯಾರೇಜಿನಲ್ಲಿ ಇಟ್ಟಿದ್ದರು.

“ಸ್ಟೆಪ್ನಿ ಇಲ್ಲದ ಹೊಂಟೀರಲ್ರಿ?”

“ಗಾಡಿ ಓಡಿಸ್ತಿರೋದು ಯಾರು ಅಂದ್ಕೊಂಡೆ?”

ವ್ಯಾನಿನಲ್ಲಿ ಅಂಕಲ್, ಆಂಟಿ, ಕೈತುಂಬ ಮೆಹಂದಿ ಹಾಕಿಕೊಂಡು ಹಳೆಯ ಸ್ವೆಟ್‌ಶರ್ಟ್ ತೊಟ್ಟ ಮದುಮಗಳು, ಮತ್ತು ನಾನು. ಆ್ಯನ್ ಆರ್ಬರ್ ಹೋಯಿತು, ಸುಬಿಯಾ ಹೇಳಲಿಲ್ಲ. ಜ್ಯಾಕ್ಸನ್ ಹೋಯಿತು, ಹೇಳಲಿಲ್ಲ. ನಾನು ಮೊಣಕೈಯಿಂದ ತಿವಿದಾಗಲೆಲ್ಲ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕ್ಯಾಲಮಜೂ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಹಿಂಬದಿಯಲ್ಲಿ ‘ಢಬ್’ ಎಂದು ಸದ್ದಾಯಿತು. ವ್ಯಾನು ಓಲಾಡಿತು. ಅಂಕಲ್ ಗಾಬರಿಯಾಗದೆ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಅದನ್ನು ಮೆಚ್ಚಲೇಬೇಕು.

ಆಜ್ಞೆ ಆಜ್ಞೆಯೇ. ಹಿಂದಿನ ನಾಲ್ಕು ಕಾರುಗಳೂ ಬಂದು ಸಾಲಾಗಿ ನಿಂತವು. ಐ-94 ಹೆದ್ದಾರಿಯಲ್ಲಿ ದೈತ್ಯ ಟ್ರಕ್ಕುಗಳು ಹಾರ್ನ್ ಬಾರಿಸುತ್ತ ಹೋಗುತ್ತಿವೆ, ನಮ್ಮ ಸಾಲು ಮಾತ್ರ ಕದಲುವುದಿಲ್ಲ. ಕೊನೆಗೆ ಪೊಲೀಸಿನವನು ಬಂದು, ಮುಂದೆ ಹೋಗಿ ಎಂದು ಎಲ್ಲರನ್ನೂ ಗದರಿದ. ಹೋಗುವುದಾದರೂ ಎಲ್ಲಿಗೆ? ಹೋಟೆಲು ಯಾವುದೆಂದು ಒಬ್ಬರಿಗೂ ಗೊತ್ತಿಲ್ಲವಲ್ಲ! ನಜರ್‌ಗೆ ಹೆದರಿ ಮುಚ್ಚಿಟ್ಟಿದ್ದ ವಿಳಾಸವನ್ನು ಅಂಕಲ್ ಕಾರಿನಿಂದ ಕಾರಿಗೆ ಓಡುತ್ತ ಗಂಟಲು ಹರಿಯುವ ಹಾಗೆ ಕೂಗಿ ಹೇಳಬೇಕಾಯಿತು. ನನಗೆ ನಗು ತಡೆಯಲಾಗಲಿಲ್ಲ.

ಕಾರುಗಳು ಹೋದವು. ಟೈರು ತರುವವನು ಬರಲು ಹೊತ್ತಾಗುತ್ತದೆ ಎಂದು ಅಂಗಡಿಯವರು ಫೋನಿನಲ್ಲಿ ಹೇಳಿದರು. ಅಂಕಲ್ ಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕುಳಿತರು. ಮೇಲಿನ ಪಟ್ಟೆ ಹೊಸದಿದ್ದಂತೆಯೇ ಇತ್ತು. ಪಕ್ಕದ ರಬ್ಬರು ಮಾತ್ರ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟು ಸೀಳಿಹೋಗಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿಗೆ ಬಿತ್ತಂತೆ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

“ಆ ಬಿರುಕು ನಾನು ರಂಜಾನ್ ಹೊತ್ತಲ್ಲೇ ನೋಡಿದ್ದೆ,” ಎಂದರು ನೌಶೀನ್ ಆಂಟಿ.

ಅಂಕಲ್ ತಲೆ ಎತ್ತಿದರು. “ಮತ್ತೆ ಯಾಕೆ ಹೇಳ್ಲಿಲ್ಲ?”

“ಟೈರಿನ ವಿಷಯ ನಿಮಗೆ ನಾನು ಹೇಳೋದಾ? ಹೇಳಿದ್ರೆ ಕೇಳ್ತಿದ್ರಾ?”

ಆಂಟಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಂಕಲ್ ತಿರುಗಿ ರೇಗುತ್ತಿದ್ದರೇನೋ. ಮೊಣಕಾಲು ಹಿಡಿದುಕೊಂಡು ಎದ್ದು ನಮ್ಮ ಮೂವರನ್ನೂ ನೋಡಿದರು.

“ನನಗೆ ಹೇಳದೇ ಇರೋದು ಇನ್ನೇನಾದ್ರೂ ಇದೆಯಾ?”

ಈ ಸಲ ನಾನು ತಿವಿಯಲಿಲ್ಲ. ಸುಬಿಯಾ ಮೆಹಂದಿಯ ಕೈಗಳನ್ನು ಎದೆಗೆ ಒತ್ತಿಕೊಂಡು ಹೇಳಿದಳು. “ಅಬ್ಬಾ, ವಿ ಆರ್ ನಾಟ್ ಕಮಿಂಗ್ ಟು ದ ಬೇಸ್ಮೆಂಟ್. ವಿ ಹ್ಯಾವ್ ಎ ಪ್ಲೇಸ್ ಇನ್ ಲೊಂಬಾರ್ಡ್.”

“ಯಾವಾಗ ತಗೊಂಡ್ರಿ?”

“ಜೂನ್.”

“ಜೂನ್‌ನಲ್ಲಿ ನಾನು ಕಾರ್ಪೆಟ್ ಹಾಕಿಸ್ತಿದ್ದೆ.”

“ಐ ನೋ, ಅಬ್ಬಾ.”

ಮನೆಯಲ್ಲಿ ಗುಡುಗುವ ಮನುಷ್ಯ ಅಲ್ಲಿ ಗುಡುಗಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಸುಮ್ಮನೆ ಹುಲ್ಲಿನ ಮೇಲೆ ಸ್ವಲ್ಪ ದೂರ ನಡೆದುಹೋದರು. ವಾಪಸು ಬಂದವರು ಫೋನು ತೆಗೆದು, ನಾಳೆಯ ಟ್ರಕ್ಕು ಬೇಡ ಎಂದು ಯಾರಿಗೋ ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟರಲ್ಲಿ ಟೈರಿನವನೂ ಬಂದ.

ಹೊರಡುವಾಗ ಕೀಲಿಕೈ ನನ್ನ ಕೈಗೆ ಬಂತು. “ನೀನು ಡ್ರೈವ್ ಮಾಡಮ್ಮ.” ಅವರು ಹಿಂದೆ ಹೋಗಿ ಮಗಳ ಪಕ್ಕ ಕುಳಿತರು. ಇಂಡಿಯಾನಾ ಗಡಿ ದಾಟಿದೆವು.

“ಸುಬಿಯಾ,” ಎಂದರು ಆಮೇಲೆ, “ನಿಮ್ಮನೆಗೆ ನಾನು ಯಾವಾಗ ಬರಬಹುದು?”

“ಎನಿ ಟೈಮ್, ಅಬ್ಬಾ.”

“ಹಾಗಲ್ಲ. ನೀವಿಬ್ರೂ ಮಾತಾಡ್ಕೊಂಡು ಒಂದು ದಿನ ಹೇಳಿ. ಆ ದಿನ ಬರ್ತೀನಿ.”

ಅವಳು ರಯ್ಯಾನ್‌ಗೆ ಮೆಸೇಜ್ ಮಾಡಿ, ಉತ್ತರ ಬರುವವರೆಗೂ ಕಾದಳು. ಅಂಕಲ್ ಕೂಡ ಕಾದರು. ಮುಂದಿನ ತಿಂಗಳ ಮೊದಲ ಭಾನುವಾರ ಎಂದಾಯಿತು.

“ಊಟಕ್ಕೆ ನಾನೇನು ತರಲಿ?”

“ನಥಿಂಗ್, ಅಬ್ಬಾ. ಐ ವಿಲ್ ಕುಕ್.”

“ಸರಿ,” ಎಂದರು ಅಂಕಲ್. ಕನ್ನಡಿಯಲ್ಲಿ ನೋಡಿದೆ. ಮಗಳ ಒಣಗಿದ ಮೆಹಂದಿಯೂ ಎಲ್ಲಿ ಅಳಿಸೀತೋ ಎಂಬಂತೆ ಅವಳ ಮಣಿಕಟ್ಟನ್ನಷ್ಟೇ ಮೆಲ್ಲಗೆ ಹಿಡಿದುಕೊಂಡು ಅಳುತ್ತಿದ್ದರು.