ದಿನ್ನೆ ತೋಟದ ಮಾತ್ರೆ

ತಿಪಟೂರಿನಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಊರಿನವರೆಲ್ಲ ನನ್ನ ಮಾತು ಕೇಳಿ ಮಾತ್ರೆ ನುಂಗುತ್ತಾರೆ, ನಮ್ಮಪ್ಪನೊಬ್ಬನನ್ನು ಬಿಟ್ಟು.

ಅಪ್ಪನಿಗೆ ಕೈ ನಡುಗುವ ಕಾಯಿಲೆ. ಪಾರ್ಕಿನ್ಸನ್ ಅಂತ ಡಾಕ್ಟರು ಹೇಳಿದಾಗ ಅಪ್ಪ, "ಹೆಸ್ರೇನಾರ ಇರ್ಲಿ ಬುಡಿ ಸಾ, ಕಾಯಿ ಅಲ್ಲಾಡ್ಸಿ ನೋಡೋ ಕೆಲ್ಸ ಸಲೀಸಾಯ್ತು" ಎಂದು ಅವರನ್ನೇ ನಗಿಸಿದ್ದ. ಕೊಬ್ಬರಿ ಮಾಡುವ ನಮ್ಮ ಕಡೆಯವರು ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲಿಟ್ಟು ವರ್ಷದ ತನಕ ಮರೆತುಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ನೀರಿನ ಸದ್ದಿಲ್ಲದೆ ಕೊಬ್ಬರಿ ಉಂಡೆಯೇ ಗಡಗಡ ಅನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಮಚ್ಚಿನಿಂದ ಚಿಪ್ಪು ಬಿಡಿಸಿ, ಉಂಡೆ ಒಡೆಯದ ಹಾಗೆ ತೆಗೆಯಬೇಕು. ಅದರಲ್ಲಿ ಅಪ್ಪ ಎತ್ತಿದ ಕೈ.

ಅಟ್ಟದಿಂದ ಕಾಯಿ ಇಳಿಸುವ ದಿನ ಮೊದಲನೆಯದರ ಚಿಪ್ಪು ಬಿಡಿಸುವುದು ನಮ್ಮನೆಯಲ್ಲಿ ಹಿರಿಯನ ಕೆಲಸ. ಆ ಉಂಡೆ ದೇವರಿಗೆ. ಹೋದ ವರ್ಷ ಅಪ್ಪನ ಮಚ್ಚು ಜಾರಿ ಉಂಡೆ ಎರಡು ಹೋಳಾಯಿತು. ಚಿಕ್ಕಪ್ಪ, "ಕೊಡಣ್ಣ ಇಲ್ಲಿ, ಕೈಗಿಯ್ ಕುಯ್ಕೊಂಡೀಯ" ಎಂದು ಮಚ್ಚನ್ನು ಕಿತ್ತುಕೊಂಡ. ಒಳ್ಳೆಯದಕ್ಕೇ ಹಾಗೆ ಮಾಡಿದ್ದು, ನಿಜ. ಆದರೆ ಅಪ್ಪ ಅವತ್ತೆಲ್ಲ ಸಿಪ್ಪೆ ರಾಶಿಯ ಹಿಂದೆ ಹೋಗಿ ಕೂತವನು ಊಟಕ್ಕೂ ಏಳಲಿಲ್ಲ. ಮುಂದಿನ ಸಲ ಮೊದಲ ಕಾಯಿ ತನ್ನ ಕೈಯಿಂದಲೇ ಆಗಬೇಕು ಅನ್ನುವುದು ಅವನ ಹಟವಾಯಿತು.

ಹಟವೇನೋ ಸರಿ, ಮಾತ್ರೆ ನುಂಗಬೇಕಲ್ಲ! ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಹೊತ್ತಿಗೆ ಸರಿಯಾಗಿ ಒಂದೊಂದು. ಇವನೋ ನಾಲ್ಕು ಜನರ ಎದುರು ಮಾತ್ರೆ ತೆಗೆದರೆ ಮಾನ ಹೋಗುತ್ತದೆ ಅನ್ನುವ ಆಸಾಮಿ. ಬಿಳಿಗೆರೆಯಲ್ಲಿ ನಂಟರ ಮನೆಯ ಗೃಹಪ್ರವೇಶವಿತ್ತು. ಅಲ್ಲಿ ಯಾರ ಕಣ್ಣಿಗೂ ಬೀಳುವುದು ಬೇಡವೆಂದು ನಮ್ಮಪ್ಪ ಇಡೀ ದಿನದ್ದನ್ನು ಬೆಳಗಿನ ಕಾಫಿಯ ಜೊತೆಗೇ ಗುಳುಂ ಮಾಡಿದ್ದ.

ಅಲ್ಲಿ ಪೂಜೆ ಮುಗಿಯುವ ಹೊತ್ತಿಗೆ ಅಪ್ಪನ ಕತ್ತು ಒಂದು ಕಡೆ, ಭುಜ ಇನ್ನೊಂದು ಕಡೆ ತೂಗಾಡತೊಡಗಿದವು. ಕಾಲು ಕೂಡ ಸುಮ್ಮನಿರಲಿಲ್ಲ. ಮೂಲೆಯಲ್ಲಿದ್ದ ಒಬ್ಬ ಅಜ್ಜಿ, "ಮೈಮೇಲೆ ದೇವ್ರು ಬಂದೈತೆ ಕಣ್ರಪ್ಪೋ" ಎಂದು ಕೂಗಿದ್ದೇ ತಡ, ಯಾರೋ ನಿಂಬೆಹಣ್ಣು ತಂದರು, ಇನ್ಯಾರೋ ಕರ್ಪೂರ ಹಚ್ಚಿದರು. ಅಜ್ಜಿ ಕೈಮುಗಿದು, ಮೊಮ್ಮಗಳ ಮದುವೆ ಈ ವರ್ಷ ಆಗುತ್ತದೋ ಇಲ್ಲವೋ ಅಂತ ಕೇಳಿದಳು. ಅಪ್ಪ ಬಾಯಿ ತೆರೆದ. ವಾಂತಿಯಾಯಿತು. ಮದುವೆಗೆ ಅದು ಶುಭವೋ ಅಶುಭವೋ ಎಂದು ಆಮೇಲೆ ಬಹಳ ಚರ್ಚೆ ನಡೆಯಿತಂತೆ.

ಫೋನು ಬಂದ ಕೂಡಲೇ ಡಾಕ್ಟರಿಗೆ ವಿಷಯ ಹೇಳಿ, ಅಂಗಡಿ ಮುಚ್ಚಿ ಓಡಿದೆ. ನಾನು ಹೋಗಿ ಅಪ್ಪನನ್ನು ಡಾಕ್ಟರಿಗೆ ತೋರಿಸಿಕೊಂಡು ಮನೆಗೆ ಹೊರಡುವಷ್ಟರಲ್ಲಿ ಕುಣಿತವೆಲ್ಲ ಇಳಿದು, ಅಪ್ಪ ಕೊರಡಾಗಿದ್ದ. ಆಟೋ ಹತ್ತಲು ಕಾಲೇ ಏಳದು. ಭಯಕ್ಕೋ ಸಿಟ್ಟಿಗೋ, ನನಗೆ ಅಳು ಬಂತು.

ಮನೆಗೆ ಬಂದು ಸುಧಾರಿಸಿಕೊಂಡ ಮೇಲೆ ಅಪ್ಪನದೇ ವಾದ. "ನಿಮ್ಮವ್ವ ಥೈರಾಯ್ಡ್ ಮಾತ್ರೆ ಒಂದೊಂದ್ ದಿನ ಮರ್ತೇಬುಡ್ತಾಳೆ. ಅವ್ಳಿಗೇನಾರ ಆಗೈತಾ? ಗುಂಡ್ಕಲ್ಲಂಗವಳೆ."

"ನನ್ನ ಯಾಕ್ರೀ ಎಳೀತೀರ ಮಧ್ಯಕ್ಕೆ?" ಅಂತ ಅಮ್ಮ ಒಳಗಿನಿಂದಲೇ ಗುಡುಗಿದಳು.

ನಾನು ಓದಿದ್ದನ್ನೆಲ್ಲ ಬಿಚ್ಚಿದೆ. ಪ್ರತಿ ಔಷಧಿಗೂ ಅರ್ಧಾಯು ಅಂತ ಒಂದಿರುತ್ತದೆ, ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು. ಅಮ್ಮನ ಮಾತ್ರೆಯದು ಅರ್ಧಕ್ಕೆ ಇಳಿಯಲು ಹೆಚ್ಚೂಕಡಿಮೆ ಒಂದು ವಾರ ಬೇಕು. ದಿನದಿನದ್ದು ಸೇರಿ ಸೇರಿ ಮಟ್ಟ ನಿಂತಿರುತ್ತದೆ, ಅದಕ್ಕೇ ಒಂದು ದಿನ ಮರೆತರೆ ಮೈಗೆ ಗೊತ್ತೇ ಆಗುವುದಿಲ್ಲ. ನಿನ್ನದು ಒಂದೂವರೆ ಗಂಟೆಯಲ್ಲೇ ಅರ್ಧ ಖಾಲಿ, ಇನ್ನೊಂದೂವರೆ ಗಂಟೆಗೆ ಉಳಿದದ್ದರ ಅರ್ಧ ಖಾಲಿ. ಎರಡರಷ್ಟು ನುಂಗಿದರೆ ಎರಡರಷ್ಟು ಹೊತ್ತು ಬರುತ್ತದೆ ಅಂದುಕೊಂಡೆಯಾ? ಬರೀ ಇನ್ನೊಂದು ಒಂದೂವರೆ ಗಂಟೆ ಬರುತ್ತದೆ, ತಲೆಗೇರುವುದು ಮಾತ್ರ ಎರಡರಷ್ಟು.

ಅಪ್ಪ ಆಕಳಿಸಿದ. "ನಂದು ಅರ್ಧ ಆಯಸ್ಸು ಯಾವತ್ತೋ ಮುಗೀತು ಬುಡವ್ವ."

ನನಗೆ ರೇಗಿಹೋಯಿತು. "ಆಯ್ತು, ದಿನ್ನೆ ತೋಟಕ್ಕೆ ನಾಳೆ ನಾಡಿದ್ದಿನ ನೀರೆಲ್ಲ ಇವತ್ತೇ ಬಿಟ್ಟುಬಿಡ್ತೀನಿ. ಮೋಟ್ರು ಹಾಕಿಬರ್ಲಾ?"

ಅಪ್ಪ ಎದ್ದು ಕೂತ. ನಮಗೆರಡು ತೋಟ. ಕೆರೆ ಹಿಂದಿನದು ಜೇಡಿಮಣ್ಣು, ಒಮ್ಮೆ ನೀರುಂಡರೆ ವಾರಗಟ್ಟಲೆ ತೇವ ಬಿಡದು. ದಿನ್ನೆಯದು ಕಲ್ಲು ಬೆರೆತ ಗರಸು ಮಣ್ಣು, ನೀರು ಕುಡಿದದ್ದೇ ಸುಳ್ಳು. ಕರೆಂಟು ಬಂತೆಂದು ಚಿಕ್ಕಪ್ಪ ದಿನ್ನೆಗೆ ಒಂದೇ ಸಲ ನೀರು ನುಗ್ಗಿಸಿದಾಗ ಅಪ್ಪ ಅವನ ಚಳಿ ಬಿಡಿಸಿದ್ದನ್ನು ಊರೇ ಕೇಳಿದೆ.

"ತಲೆ ನೆಟ್ಟಗೈತಾ ನಿಂಗೆ? ದಿನ್ನೆಗೆ ಯಾವನ್ ಬುಡ್ತಾನೆ ಹಂಗೆ? ಪಕ್ಕದೋನ್ ತೋಟಕ್ಕೆ ಹರ್ಕೊಂಡ್ ಹೋಯ್ತದೆ. ಮಾರನೇ ದಿನ ನೋಡುದ್ರೆ ಗಿಡ ಒಣಗ್ತಾ ನಿಂತಿರ್ತವೆ. ಅದುಕ್ಕೆ ದಿನಾ ಇಷ್ಟಿಷ್ಟೇ..." ಅಂದವನು ಅಲ್ಲಿಗೇ ನಿಲ್ಲಿಸಿದ. ಅಮ್ಮ ಬಾಗಿಲಿಗೆ ಬಂದು ಇಣುಕಿದಳು. ಅಪ್ಪ ನನ್ನ ಮುಖ ನೋಡಿದ, ತನ್ನ ಕೈ ನೋಡಿಕೊಂಡ.

"ಹಂಗಾರೆ ನಿಮ್ಮವ್ವ ಕೆರೆ ಹಿಂದಿನ ತೋಟ" ಅಂದ.

"ನೀನು ದಿನ್ನೆ" ಅಂದೆ.

ಆವತ್ತಿನಿಂದ ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗತೊಡಗಿತು. ಮಧ್ಯಾಹ್ನದ್ದನ್ನು ಕಟ್ಟೆಯ ಮೇಲೆ ನಾಲ್ಕು ಜನರೆದುರೇ ನುಂಗಿ, ಅವರಿಗೂ ಗರಸು ಮಣ್ಣಿನ ಪಾಠ ಹೇಳುತ್ತಿದ್ದ. ಈ ಶಿಷ್ಯನನ್ನು ತಡೆದುಕೊಳ್ಳುವುದು ಹಳೆಯ ಹಟಮಾರಿಯನ್ನು ತಡೆದುಕೊಳ್ಳುವುದಕ್ಕಿಂತ ಕಷ್ಟವಾಯಿತು.

ಈ ವರ್ಷ ಅಟ್ಟದಿಂದ ಕಾಯಿ ಇಳಿಸುವ ದಿನ ಬಂತು. ಮೊದಲ ಕಾಯಿ ಹೊತ್ತು ಹುಟ್ಟುವ ಮುಂಚೆ ಆಗಬೇಕೆನ್ನುವುದು ತಾತನ ಕಾಲದ ಪದ್ಧತಿ. ಆದರೆ ಆ ಹೊತ್ತಿಗೆ ಸಂಜೆಯ ಮಾತ್ರೆ ರಾತ್ರಿಯೆಲ್ಲ ಇಂಗಿ, ಅಪ್ಪನ ಮೈ ಪೂರ್ತಿ ಒಣಗಿರುತ್ತದೆ. ಹೋದ ವರ್ಷ ಮಚ್ಚು ಜಾರಿದ್ದೂ ಅದೇ ಹೊತ್ತಿನಲ್ಲಿ. ಬೆಳಗಿನ ಮಾತ್ರೆ ನುಂಗಿ ಮುಕ್ಕಾಲು ಗಂಟೆ ಕಾಯೋಣ ಅಂದೆ.

ಚಿಕ್ಕಪ್ಪ ತಲೆ ಕೆರೆದುಕೊಂಡ. "ಹೊತ್ತು ಮೀರೋಯ್ತದಲ್ಲಣ್ಣ?"

"ದೇವ್ರು ಕಾಯ್ತಾನೆ ಕಣ್ಲಾ. ಈ ಮಾತ್ರೆ ಕಾಯಾಕಿಲ್ಲ" ಅಂದ ಅಪ್ಪ, ಮಾತ್ರೆ ನುಂಗಿ ಜಗಲಿಯ ಮೇಲೆ ಕೂತ.

ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಎದ್ದ. ಕಾಯಿಯನ್ನು ಕಿವಿಗೆ ಹಿಡಿದು, ನಡುಕದಿಂದಲ್ಲ, ತಾನೇ ಬೇಕೆಂದು ಅಲ್ಲಾಡಿಸಿದ. ಚಿಕ್ಕಪ್ಪ ಸುಲಿದುಕೊಟ್ಟದ್ದನ್ನು ಅಂಗೈಯಲ್ಲಿ ಕೂರಿಸಿಕೊಂಡು ಮಚ್ಚಿನ ಹಿಂಬದಿಯಿಂದ ತಟ್ಟಿದ, ತಿರುಗಿಸಿದ, ತಟ್ಟಿದ. ಚಿಪ್ಪು ಹೋಳು ಹೋಳಾಗಿ ಕಳಚಿತು. ಕಂದು ಬಣ್ಣದ ಉಂಡೆ ಒಂದು ಬಿರುಕೂ ಇಲ್ಲದೆ ಕೈಯಲ್ಲಿ ಉಳಿಯಿತು. ಅಮ್ಮ ಅದನ್ನು ಸೆರಗಿನಲ್ಲಿ ಇಸಿದುಕೊಂಡು ಒಳಗೆ ಹೋದಳು.

ಅಪ್ಪ ಅಲ್ಲಿಗೇ ನಿಲ್ಲಿಸಲಿಲ್ಲ. ಮೇಲಿಂದ ಮೇಲೆ ಬಿಡಿಸುತ್ತಲೇ ಹೋದ, ಪಕ್ಕದಲ್ಲಿ ಉಂಡೆಗಳ ಗುಡ್ಡೆ ಬೆಳೆಯಿತು. ಬಿಸಿಲು ನೆತ್ತಿಗೆ ಬಂದು ಮಧ್ಯಾಹ್ನದ ಮಾತ್ರೆಯ ಹೊತ್ತಾದಾಗ ಅವನ ಹೆಬ್ಬೆರಳು ಅದುರಿದ್ದನ್ನು ಕಂಡೆ. ಚಿಕ್ಕಪ್ಪನೂ ಕಂಡ, ಆದರೆ ಈ ಸಲ ಕೈ ಚಾಚಲಿಲ್ಲ. ಅಪ್ಪ ಹೆಬ್ಬೆರಳನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮಚ್ಚಿನ ಹಿಡಿಯನ್ನು ತಮ್ಮನ ಕಡೆ ತಿರುಗಿಸಿ ತಾನೇ ಕೊಟ್ಟ.

"ತಗಳ್ಲಾ, ನೀನ್ ಹಿಡ್ಕೊ. ದಿನ್ನೆ ಒಣಗ್ತಾ ಐತೆ."

ಆಮೇಲೆ ನನ್ನ ಕಡೆ ತಿರುಗಿದ. "ನಿಂತ್ಕೊಂಡ್ ಏನ್ ನೋಡ್ತೀಯ? ಮೋಟ್ರು ಹಾಕವ್ವ."