ಎರಡು ಸಲ ಕೊಯ್ದ ಕಾಲು

ಕಸ್ತೂರಿಬಾಯಿ ಒಂಬತ್ತು ವರ್ಷ ಕೆಟ್ಟ ಕಾಲಿನಲ್ಲೇ ನಡೆದಳು. ಬಸವಕಲ್ಯಾಣದಲ್ಲಿ ಅವಳ ಗಂಡ ಮಹಾರುದ್ರಪ್ಪನದು ಕಿರಾಣಿ ಅಂಗಡಿ. ಅಂಗಡಿಯ ಅಟ್ಟದಿಂದ ಬೆಲ್ಲದ ಪೆಂಟೆ ಇಳಿಸುವಾಗ ಏಣಿ ಜಾರಿ ಅವಳ ಎಡಪಾದದ ಕೀಲು ಮುರಿದಿತ್ತು. ನಾಟಿ ವೈದ್ಯನ ಹತ್ತಿರ ಪಟ್ಟಿ ಕಟ್ಟಿಸಿದರು. ಇಪ್ಪತ್ತನೇ ದಿನ ಅವಳು ಮತ್ತೆ ಒಲೆಯ ಮುಂದೆ ನಿಂತಿದ್ದಳು. ಮನೆಗೆ ಮಂದಿ ಬರುವುದೆಂದರೆ ಮಹಾರುದ್ರಪ್ಪನಿಗೆ ಬಲು ಅಭಿಮಾನ. ಸೋಮವಾರ ವಚನ ಹೇಳುವವರು, ಸಂತೆಯ ದಿನ ಹಳ್ಳಿಯ ನೆಂಟರು, ಉಳಿದ ದಿನ ಯಾರಾದರೂ. ಬಂದವರೆಲ್ಲ ಉಂಡೇ ಹೋಗಬೇಕು.

ಕೊನೆಗೆ ಪಾದ ಒಳಗೆ ತಿರುಗಿ, ಬಚ್ಚಲಿಗೂ ಗೋಡೆ ಹಿಡಿದು ಹೋಗುವಂತಾದಾಗ, ಪರಊರಲ್ಲಿ ನೌಕರಿಗಿದ್ದ ಮಗನ ಹೆಂಡತಿ ಮನೀಷಾ ಅವಳನ್ನು ಹುಮನಾಬಾದಿಗೆ ಕರೆದುಕೊಂಡು ಹೋದಳು. ಅಲ್ಲಿಯ ಎಲುಬಿನ ಡಾಕ್ಟರ್ ಅಜೀತ ಎಕ್ಸ್‌ರೇ ನೋಡಿ ಹೇಳಿದ:

"ಕೀಲು ಪೂರಾ ಸವದದ. ಎಲುಬು ಎಲುಬಿಗಿ ಕೂಡಿಸಿ ಸ್ಕ್ರೂ ಹಾಕಬೇಕು. ಆದ್ರ ನೀವು ಮಿಸರಿ ತಿಕ್ಕತೀರಿ. ತಂಬಾಕ ಬಿಡದಿದ್ರ ಎಲುಬು ಕೂಡಂಗಿಲ್ಲ. ಬಿಟ್ಟು ಆರು ವಾರ ಆದ ಮ್ಯಾಲ ಬರ್ರಿ."

ಹುರಿದ ತಂಬಾಕಿನ ಆ ಕರಿ ಪುಡಿಯನ್ನು ಕಸ್ತೂರಿಬಾಯಿ ಹದಿನಾರನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ಹಲ್ಲಿಗೆ ತಿಕ್ಕುತ್ತಿದ್ದಳು. ಅವತ್ತೇ ಡಬ್ಬಿಯನ್ನು ಗಟಾರಕ್ಕೆ ಬಿಸಾಕಿದಳು. ಮೊದಲ ವಾರ ತಲೆ ಸಿಡಿಯಿತು, ಬಾಯಿ ಕಹಿಯಾಯಿತು, ಕೈ ತಾನಾಗಿ ಸೆರಗಿನ ಗಂಟು ಹುಡುಕುತ್ತಿತ್ತು. ಆದರೂ ಮತ್ತೆ ಮುಟ್ಟಲಿಲ್ಲ. ಆ ಆರು ವಾರದಲ್ಲಿ ಒಂದೇ ಕಾಲಿನ ಮೇಲೆ ವಾಕರ್ ಹಿಡಿದು ಅಂಗಳದಲ್ಲಿ ಕುಪ್ಪಳಿಸುವುದನ್ನು ಕಲಿತಳು. ಮನೀಷಾ ಕಕ್ಕಸಿಗೆಂದು ಸೀಟಿಗೆ ತೂತಿರುವ ಕುರ್ಚಿ ತಂದಳು, ಜಾರುವ ಚಾಪೆಗಳನ್ನೆಲ್ಲ ಎತ್ತಿಟ್ಟಳು, ಗಾಳಿ ಬೆಳಕು ಇರುವ ಮುಂದಿನ ಪಡಸಾಲೆಗೆ ಮಂಚ ಹಾಕಿಸಿದಳು.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಕಳಿಸುವಾಗ ಡಾಕ್ಟರ್ ಗಂಡನ ಎದುರಿಗೇ ಮೂರು ಸಲ ಹೇಳಿದ, ಆರು ವಾರ ಈ ಕಾಲು ನೆಲಕ್ಕೆ ತಾಗಬಾರದು ಎಂದು. ಮಹಾರುದ್ರಪ್ಪ ಮೂರು ಸಲವೂ ತಲೆಯಾಡಿಸಿದ.

ಕಾಯಿಲೆಯವರನ್ನು ನೋಡಲು ಮಂದಿ ಬರತೊಡಗಿದರು. ಪಡಸಾಲೆಯಲ್ಲೇ ಮಂಚ ಇದ್ದುದರಿಂದ ಬಂದವರು ಅವಳ ಕಾಲ ಬುಡದಲ್ಲೇ ಕೂತು ತಮ್ಮ ಊರಿನ ಸುದ್ದಿ ಹೇಳಿದರು. ಎರಡು ದಿಂಬಿನ ಮೇಲೆ ಕಾಲೆತ್ತಿ ಮಲಗಬೇಕಾದವಳು ಹಿರಿಯರ ಎದುರು ಹ್ಯಾಗೆ ಎಂದು ಕಾಲು ಇಳಿಸಿ ಕೂತಳು. ಕಾಲು ಬಾತಿತು. ಮನೀಷಾ ಸಾಲೆಗೆ ಪಾಠ ಮಾಡಲು ಹೋಗುವ ಮೊದಲು ದೊಡ್ಡ ಥರ್ಮಾಸಿನಲ್ಲಿ ಚಹಾ ತುಂಬಿಡುತ್ತಿದ್ದಳು.

ಇಪ್ಪತ್ಮೂರನೇ ದಿನ ಕೊಡಂಬಲದಿಂದ ಮಹಾರುದ್ರಪ್ಪನ ಕಾಕಾನ ಮಗ ಹಣಮಂತ ಏಳು ಮಂದಿಯನ್ನು ಕರೆದುಕೊಂಡು ಬಂದ. ಅಷ್ಟು ಹೊತ್ತಿಗೆ ಥರ್ಮಾಸ್ ಖಾಲಿಯಾಗಿತ್ತು. ಮಹಾರುದ್ರಪ್ಪ ಮಂಚದ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ: "ಎರಡ ಮಿನೀಟಿನ ಕೆಲಸ. ಹಂಗೇ ಕಳಸಿದ್ರ ಮಂದಿ ಏನಂತಾರ?"

"ಹೋಟೆಲಿನಿಂದ ತರಸ್ರಿ."

"ಮನಿಗಿ ಬಂದವರಿಗಿ ಹೋಟೆಲಿನ ಚಹಾ ಕುಡಸ್ತಾರೇನು?"

ಅವಳು ಎದ್ದಳು. ಆಮೇಲೆ ತನ್ನ ಮೇಲೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ. ಮೂವತ್ತು ವರ್ಷದ ರೂಢಿ, ಮೈ ತಾನಾಗಿ ಎದ್ದಿತು. ವಾಕರ್ ಹಿಡಿದರೆ ಕೈ ಖಾಲಿ ಇರುವುದಿಲ್ಲ. ಚಹಾ ಸೋಸಲು ಎರಡೂ ಕೈ ಬೇಕು. ವಾಕರ್ ಬಿಟ್ಟು ಕಟ್ಟೆಗೆ ಒರಗಿದಳು. ಒದ್ದೆಯಾಗಿದ್ದ ಶಹಾಬಾದಿ ಕಲ್ಲಿನ ಮೇಲೆ ಬಲಗಾಲು ಜಾರಿತು, ಎಡಗಾಲು ಪೂರ್ತಿ ಭಾರದೊಂದಿಗೆ ನೆಲಕ್ಕೆ ಬಡಿಯಿತು. ಒಳಗೆ ಏನೋ ಕಿತ್ತುಬಂದದ್ದು ಅವಳಿಗೆ ಗೊತ್ತಾಯಿತು. ಸಪ್ಪಳ ಕೇಳಿ ಮಹಾರುದ್ರಪ್ಪ ಓಡಿಬಂದ. ಚಹಾ ಉಕ್ಕುತ್ತಿತ್ತು. ಅವನು ಮೊದಲು ಗ್ಯಾಸ್ ಆರಿಸಿದ, ಆಮೇಲೆ ಅವಳ ಕಡೆ ನೋಡಿದ.

ಹುಮನಾಬಾದಿನಲ್ಲಿ ಮತ್ತೆ ಎಕ್ಸ್‌ರೇ ತೆಗೆದರು. ಒಂದು ಸ್ಕ್ರೂ ಬಾಗಿತ್ತು, ಇನ್ನೊಂದು ಹೊರಗೆ ಬಂದಿತ್ತು. ಸೊಂಟದ ಎಲುಬಿನ ಚೂರು ತೆಗೆದು ಇಲ್ಲಿ ಹಾಕಿ, ಲೋಹದ ಪಟ್ಟಿ ಕೂರಿಸಿ, ಎಲ್ಲವನ್ನೂ ಹೊಸದಾಗಿ ಮಾಡಬೇಕಾಗಿತ್ತು.

"ಕಾಲ ಊರಂತ ಯಾರು ಹೇಳಿದ್ರು?" ಡಾಕ್ಟರ್ ಕೇಳಿದ.

ಮಹಾರುದ್ರಪ್ಪ ಹೇಳಿದ: "ಆಕಿನೇ ಎದ್ದಳ್ರಿ. ನಾವು ಬ್ಯಾಡ ಅಂದ್ರೂ ಕೇಳಲಿಲ್ಲ."

ಆ ಕೋಣೆಯಲ್ಲಿ ನರ್ಸ್ ಇದ್ದಳು, ಮನೀಷಾ ಇದ್ದಳು, ಪಕ್ಕದ ಮಂಚದಲ್ಲಿ ಇನ್ನೊಬ್ಬ ಹೆಂಗಸು ಇದ್ದಳು. ಗಂಡನ ಮಾತನ್ನು ಮಂದಿಯ ಎದುರು ಎಂದೂ ಸುಳ್ಳೆನ್ನದ ಕಸ್ತೂರಿಬಾಯಿ ದನಿ ಏರಿಸದೆ ಹೇಳಿದಳು:

"ಸುಳ್ಳ ಹೇಳಾಕತ್ತಾರ್ರಿ. ಚಹಾ ಮಾಡು ಅಂದವರು ಇವರೇ. ನಾ ನಲವತ್ತು ವರ್ಷದ ಮಿಸರಿ ಬಿಟ್ಟೆ. ಇವರಿಗಿ ಒಂದ ದಿನ ಮಂದಿ ಮುಂದಿನ ದಿಮಾಕ ಬಿಡಾಕ ಆಗಲಿಲ್ಲ. ನೀವು ಇನ್ನೊಮ್ಮೆ ಕೊಯ್ರಿ, ಕೊಯ್ಸಿಕೊಳ್ತೀನಿ. ಆದ್ರ ಈ ಸಲ ನಾ ಆ ಮನಿಗಿ ಹೋಗಂಗಿಲ್ಲ."

ಮಹಾರುದ್ರಪ್ಪ ಹೊರಗೆ ಹೋಗಿ ಕೂತ.

ಎಲ್ಲಿಗೆ ಹೋಗುವುದು ಎಂಬುದಕ್ಕೆ ಪಕ್ಕದ ಮಂಚದ ಕುಲ್ಸುಮ್ ಬೀ ದಾರಿ ತೋರಿಸಿದಳು. ಹುಮನಾಬಾದಿನ ಧಾನ್ಯ ಮಾರುಕಟ್ಟೆಯ ಹಿಂದೆ ಹಳೆ ಬಟ್ಟೆಯ ಕೌದಿ ಹೊಲಿದು ಬದುಕುವ ವಿಧವೆ ಅವಳು. ಟಂಟಂ ಆಟೋ ಮಗುಚಿ ಬಲಪಾದದ ಕೀಲು ಮುರಿದಿತ್ತು.

"ನಮ್ಮಲ್ಲಿ ಬರ್ರಿ ಬಾಯಿ," ಎಂದಳು. "ನಿಮ್ಮದೊಂದು, ನಂದೊಂದು, ಎರಡ ಕಾಲಂತೂ ಛಲೋ ಅವ."

ಎರಡನೇ ಆಪರೇಷನ್ನಿನ ಐದನೇ ದಿನ ಕಸ್ತೂರಿಬಾಯಿ ಕುಲ್ಸುಮ್ ಬೀಯ ಮನೆಗೆ ಹೋದಳು. ಎರಡು ಮಂಚ, ನಡುವೆ ನೀರಿನ ಕೊಡ. ಎದುರಿನ ಖಾನಾವಳಿಯಿಂದ ಎರಡು ಹೊತ್ತು ರೊಟ್ಟಿ, ಪುಂಡಿಪಲ್ಯ, ಬೇಳೆ. ಮಾಂಸ ತಿನ್ನದ ಇವಳಿಗಾಗಿ ಕುಲ್ಸುಮ್ ಬೀಯೂ ಅದನ್ನೇ ಉಂಡಳು, ಉಣ್ಣುವಾಗೆಲ್ಲ ಬೈದುಕೊಂಡಳು. ಬಸವಕಲ್ಯಾಣದ ನೆಂಟರು ಒಂದು ಸಲ ಅಲ್ಲಿಗೂ ಬಂದರು. ಕುಲ್ಸುಮ್ ಬೀ ಕಿಟಕಿಯಿಂದಲೇ ಹೇಳಿದಳು: "ಮಲಗ್ಯಾರ್ರಿ. ಡಾಕ್ಟರ್ ಯಾರನ್ನೂ ಬಿಡಬ್ಯಾಡಂದಾರ." ಡಾಕ್ಟರ್ ಹಾಗೆ ಹೇಳಿರಲಿಲ್ಲ.

ಮಹಾರುದ್ರಪ್ಪ ಭಾನುವಾರಗಳಂದು ಬಂದು ಹೊಸ್ತಿಲ ಹತ್ತಿರ ಕೂರುತ್ತಿದ್ದ. ಎರಡು ಭಾನುವಾರ ಅವಳು ಮಾತಾಡಲಿಲ್ಲ. ಮೂರನೆಯ ಸಲ ಅವನು, "ಊರಾಗ ಮಂದಿ ಕೇಳಾಕತ್ತಾರ. ಹಿಂಗ ಪರರ ಮನ್ಯಾಗ ಎಷ್ಟ ದಿನ?" ಎಂದ.

"ನನ್ನ ಕಾಲ ಹ್ಯಾಂಗದ ಅಂತ ಕೇಳಿದ್ರೇನು ನೀವು?" ಎಂದಳು ಕಸ್ತೂರಿಬಾಯಿ. "ಮೂರು ವಾರ ಆತು ಬರಾಕತ್ತು. ಮಂದಿ ಸುದ್ದಿ ಹೇಳಿದ್ರಿ, ಅಂಗಡಿ ಸುದ್ದಿ ಹೇಳಿದ್ರಿ. ಈ ಪಟ್ಟಿ ಕಡೆ ಒಮ್ಮೆ ನೋಡಿಲ್ಲ. ಡಾಕ್ಟರ್ ಮುಂದ ಸುಳ್ಳ ಹೇಳಿದ್ದು ಮರೀತೀನಿ ಅಂತ ತಿಳಕೊಂಡೀರಿ. ಮರೆಯಂಗಿಲ್ಲ."

ಅವನು ಪಟ್ಟಿಯ ಕಡೆ ನೋಡಿದ. "ನಂದ ತಪ್ಪ ಆತು," ಎಂದ. ಅವಳು ಗೋಡೆಯ ಕಡೆ ತಿರುಗಿದಳು. ತಪ್ಪು ಒಪ್ಪಿಕೊಂಡದ್ದಕ್ಕೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಇಷ್ಟು ಸಣ್ಣ ಮಾತಿಗೆ ಇಷ್ಟು ದಿನ ಬೇಕಾಯಿತೇ ಎಂದು ಸಿಟ್ಟು ಇನ್ನಷ್ಟು ಏರಿತು.

ಎಂಟನೇ ವಾರದ ಎಕ್ಸ್‌ರೇಯಲ್ಲಿ ಎಲುಬು ಕೂಡುತ್ತಿರುವುದು ಕಂಡಿತು. ದಪ್ಪ ಬೂಟು ಹಾಕಿ, ಮೊದಲ ಸಲ ಕಾಲೂರಿದಾಗ ಕಸ್ತೂರಿಬಾಯಿ ಕುಲ್ಸುಮ್ ಬೀಯ ಭುಜ ಹಿಡಿದಿದ್ದಳು. ನೋವಿತ್ತು, ಆದರೆ ಕಾಲು ಸೊಟ್ಟಗಾಗಲಿಲ್ಲ. ನಾಲ್ಕನೇ ತಿಂಗಳಲ್ಲಿ, ಒಬ್ಬಳೇ ಮನೆ ನಡೆಸುತ್ತಿದ್ದ ಸೊಸೆಯ ಸಲುವಾಗಿ, ಬಸವಕಲ್ಯಾಣಕ್ಕೆ ಮರಳಿದಳು. ಕೀಲು ಈಗ ಮಡಚುವುದಿಲ್ಲ. ನೆಲದ ಮೇಲೆ ಕೂರಲಾಗುವುದಿಲ್ಲ. ಮಂಚವನ್ನು ಒಳಗಿನ ಕೋಣೆಗೆ ಹಾಕಿಸಿ, ಬಾಗಿಲಿಗೆ ಒಳಚಿಲಕ ಬಡಿಸಿಕೊಂಡಿದ್ದಾಳೆ.

ಸಮತಟ್ಟು ದಾರಿಯಲ್ಲಿ ನಡೆಯಿರಿ ಎಂದು ಡಾಕ್ಟರ್ ಹೇಳಿದ್ದರಿಂದ ಮುಂಜಾನೆ ತ್ರಿಪುರಾಂತ ಕೆರೆಯ ದಂಡೆಗೆ ಹೋಗುತ್ತಾಳೆ. ಮಹಾರುದ್ರಪ್ಪನೂ ಬರುತ್ತಾನೆ, ಹತ್ತು ಹೆಜ್ಜೆ ಹಿಂದೆ. ಅವನಿಗೆ ಈಗ ಮೊಣಕಾಲು ನೋವು. "ಜರಾ ಸಾವಕಾಶ ನಡಿ," ಎನ್ನುತ್ತಾನೆ. ಅವಳಿಗೆ ಕೇಳಿಸುತ್ತದೆ. ತನ್ನ ಪಾಡಿಗೆ ನಡೆಯುತ್ತಾಳೆ.